ವೇಗವೂ ಈರ್ಯಾಸಮಿತಿಯೂ

ನಾಲ್ಕು ಹಸ್ತದಷ್ಟು ಮುಂದಿನ ನೆಲವನ್ನು ನೋಡಿಕೊಂಡು, ಹಗಲಿನ ಬೆಳಕಿನಲ್ಲಿ ಜೀವರಕ್ಷಣೆಯ ಎಚ್ಚರದಿಂದ ನಡೆಯುವುದು ಈರ್ಯಾಸಮಿತಿ. ಇದು ಪಾದವಿಹಾರಿಗಳಾದ ಮುನಿಗಳಿಗೆ ಮಾತ್ರ ಸಂಬಂಧಿಸಿದ್ದೆಂದು ಶ್ರಾವಕರಾದ ನಾವು ಭಾವಿಸುವುದುಂಟು.

ಮೋಟಾರ್ ಸೈಕಲ್ ಏರಿ ನೇಪಾಳದ ದೀರ್ಘ ಪ್ರವಾಸಕ್ಕೆ ಹೊರಡುವ ಮುನ್ನ ನಾನು ಬೆಂಗಳೂರಿನಲ್ಲಿ ಎರಡು ದಿನಗಳ ಸುರಕ್ಷಿತ ಚಾಲನೆಯ ತರಬೇತಿ ಪಡೆದೆ. ಮುಂದಿನ ವಾಹನಕ್ಕೂ ನಮಗೂ ಕನಿಷ್ಠ ಎರಡು ಸೆಕೆಂಡುಗಳ ಅಂತರವಿರಬೇಕೆಂದು ಅಲ್ಲಿ ಕಲಿಸಿದರು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಅದು ಸುಮಾರು 33 ಮೀಟರ್. ವೇಗ ಇಮ್ಮಡಿಯಾದರೆ ಬ್ರೇಕ್ ಹಿಡಿದ ಮೇಲೆ ವಾಹನ ಸಾಗುವ ದೂರ ಸುಮಾರು ನಾಲ್ಮಡಿಯಾಗುತ್ತದೆ. ನಾಲ್ಕು ಹಸ್ತವೆಂಬುದು ನಡಿಗೆಗೆ ತಕ್ಕ ಅಳತೆಯೆಂದು ಆಗ ಹೊಳೆಯಿತು. ವೇಗ ಹೆಚ್ಚಿದಷ್ಟೂ ದೃಷ್ಟಿ ದೂರ ಹೋಗಬೇಕು; ದೃಷ್ಟಿ ಮುಟ್ಟದ ತಿರುವಿನಲ್ಲಿ ವೇಗವನ್ನೇ ಇಳಿಸಬೇಕು.

ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನೇ ಮುಂದಿಟ್ಟಿದೆ. ರಸ್ತೆಗೆ ಅಡ್ಡ ಬರುವ ಮಗುವಾಗಲಿ, ಕರುವಾಗಲಿ ನಮ್ಮ ಪ್ರಮಾದಕ್ಕೆ ಬಲಿಯಾಗಬಾರದು. ದೀಪದ ಬೆಳಕಿಗೆ ಮುತ್ತುವ ಹುಳುಗಳನ್ನು ನೆನೆದು, ಸೂರ್ಯಾಸ್ತದ ಅನಂತರ ವಾಹನ ನಡೆಸುವುದಿಲ್ಲವೆಂದು ಪ್ರವಾಸದ ಅವಧಿಗೆ ನಿಯಮ ಮಾಡಿಕೊಂಡೆ. ದಿನದ ಪಯಣ ಕಿರಿದಾಯಿತು. ಊರಿಗೆ ಮರಳುವುದು ನಾಲ್ಕು ದಿನ ತಡವಾಯಿತು. ಜೊತೆಗಾರರು ಮೊದಲು ಬೇಸರಪಟ್ಟರೂ ಬಳಿಕ ಒಪ್ಪಿದರು.

ವಾಹನವೇರಿದವನಿಗೆ ಪೂರ್ಣ ಅಹಿಂಸೆ ಅಸಾಧ್ಯವಾದರೂ ಅಪ್ರಮಾದವು ಅವನ ಕೈಯಲ್ಲೇ ಇದೆ. ಮಕ್ಕಳಿಗೆ ವಾಹನ ಕೊಡಿಸುವ ಹಿರಿಯರು ಮೊದಲು ಇಂತಹ ತರಬೇತಿ ಕೊಡಿಸುವುದೂ ಶ್ರಾವಕಧರ್ಮವೇ ಸರಿ.