ಅವ್ವ ಹೊಲಿದ ಟೈರು

ಹೋದ ವರ್ಷ ಗೋವಾದ ಹಾಫ್ ಐರನ್‌ಮ್ಯಾನ್‌ನಲ್ಲಿ ನನ್ನ ರೇಸು ಮುಗಿದದ್ದು ಸೈಕಲ್ ಹಾದಿಯ 61ನೇ ಕಿಲೋಮೀಟರಿನಲ್ಲಿ, ರಸ್ತೆ ಪಕ್ಕದ ಒಂದು ತೆಂಗಿನ ಮರದ ಕೆಳಗೆ. ಕಾಲು ಸೋತಿರಲಿಲ್ಲ, ಉಸಿರೂ ಸೋತಿರಲಿಲ್ಲ. ಹಿಂದಿನ ಟೈರಿನಲ್ಲಿ ಅಕ್ಕಿಕಾಳಿನಷ್ಟು ಗಾಜಿನ ಚೂರು. ಅಷ್ಟೇ.

ಗೊತ್ತಿಲ್ಲದವರಿಗೆ ಹೇಳಿಬಿಡ್ತೀನಿ. ಈ ರೇಸಿನಲ್ಲಿ 1.9 ಕಿ.ಮೀ. ಸಮುದ್ರದಲ್ಲಿ ಈಜಬೇಕು, 90 ಕಿ.ಮೀ. ಸೈಕಲ್ ಹೊಡೀಬೇಕು, ಆಮೇಲೆ 21.1 ಕಿ.ಮೀ. ಓಡಬೇಕು. ಗೋವಾದಲ್ಲಿ ಇದು ಮೊದಲ ಸಲ ನಡೆದದ್ದು 2019ರಲ್ಲಿ, ಪಣಜಿಯ ಮಿರಾಮಾರ್ ಬೀಚಿನಲ್ಲಿ. ನಮ್ಮೂರು ಗದಗ ಹತ್ತಿರದ ಕುರ್ತಕೋಟಿ. ಮನೆಮಂದಿಯನ್ನ ಕಾರಿನಲ್ಲಿ ಕೂರಿಸ್ಕೊಂಡು ಹೋಗಿ ಬರಬಹುದಾದಷ್ಟು ದೂರ. ಅದಕ್ಕೇ ಅಪ್ಪ-ಅವ್ವನನ್ನೂ ಕರ್ಕೊಂಡು ಹೋಗಿದ್ದೆ. ತಪ್ಪು ಮಾಡಿದೆನೇನೋ ಅಂತ ಆಮೇಲೆ ಅನ್ನಿಸಿತು.

ನಾನು ಸಾಫ್ಟ್‌ವೇರ್ ಎಂಜಿನಿಯರ್. ವರ್ಷದಲ್ಲಿ ಕೆಲವು ತಿಂಗಳು ಊರಿನಿಂದಲೇ ಕೆಲಸ. ಬೆಳಗಿನ ಜಾವ ಹುಲಕೋಟಿ ಮುಟ್ಟಿ, ಹುಬ್ಬಳ್ಳಿ ರಸ್ತೆ ಹಿಡಿದು ಅಣ್ಣಿಗೇರಿ ಕಡೆ ಹೊರಟರೆ ಮಳೆಗಾಲದಲ್ಲಿ ಪಡುವಣ ಗಾಳಿ ಎದೆಗೆ ಕೈ ಹಚ್ಚಿ ಹಿಂದಕ್ಕೆ ನೂಕುತ್ತದೆ. ಸುಗ್ಗಿ ಬಂತಂದ್ರೆ ಒಳರಸ್ತೆಯ ತುಂಬ ರಾಶಿ. ಹೊಟ್ಟಿನ ಕೆಳಗೆ ನೆಗ್ಗಿಲ ಮುಳ್ಳಿದೆಯೋ ಜಾಲಿ ಮುಳ್ಳಿದೆಯೋ, ಟೈರಿಗೆ ಚುಚ್ಚಿದ ಮೇಲೇ ಗೊತ್ತಾಗೋದು. ಪ್ರಾಕ್ಟೀಸಿಗೆ ದಪ್ಪ ಟೈರಿನ ಸಾದಾ ಚಕ್ರ ಹಾಕ್ತಿದ್ದೆ, ಪಂಕ್ಚರ್ ಆದ್ರೆ ಐದು ನಿಮಿಷದಲ್ಲಿ ಟ್ಯೂಬ್ ಬದಲಿಸಿ ಮುಂದೆ ಹೋಗ್ತಿದ್ದೆ.

ರೇಸಿನ ಕಥೆ ಬೇರೆ. ನಾನು ಕೊಂಡ ಸೆಕೆಂಡ್ ಹ್ಯಾಂಡ್ ಟ್ರಯಥ್ಲಾನ್ ಬೈಕಿಗೆ ಕಾರ್ಬನ್ ಚಕ್ರಗಳಿದ್ದವು, ಟ್ಯೂಬ್ಯುಲರ್ ಟೈರಿನವು. ಸಾದಾ ಟೈರಿಗೆ ಅಂಚಿನಲ್ಲಿ ತಂತಿ ಇರುತ್ತದೆ, ಅದು ರಿಮ್ಮಿನ ತುಟಿಗೆ ಸಿಕ್ಕಿಕೊಂಡು ಕೂರುತ್ತದೆ. ಟ್ಯೂಬ್ಯುಲರ್‌ನಲ್ಲಿ ತಂತಿ ಇಲ್ಲ. ಟ್ಯೂಬನ್ನು ಬಟ್ಟೆಯೊಳಗೆ ಇಟ್ಟು, ಸುತ್ತಲೂ ಹೊಲಿದು, ಆ ಹಾವಿನಂಥ ಕೊಳವೆಯನ್ನು ರಿಮ್ಮಿಗೆ ಅಂಟಿನಿಂದ ಅಂಟಿಸುತ್ತಾರೆ. ಕೊಕ್ಕೆ ಅಂಚು ಬೇಡವಾದ್ದರಿಂದ ರಿಮ್ ಹಗುರ. ಗಾಳಿ ಹೋದರೂ ಟೈರು ರಿಮ್ ಬಿಟ್ಟು ಸುಲಭಕ್ಕೆ ಕಳಚೋದಿಲ್ಲ. ಅದಕ್ಕೇ ದೊಡ್ಡ ದೊಡ್ಡ ರೇಸುಗಳವರು ಬಹಳ ವರ್ಷ ಇದನ್ನೇ ನೆಚ್ಚಿಕೊಂಡಿದ್ದರು. ಈಗ ಅವರೂ ಹೆಚ್ಚಾಗಿ ಟ್ಯೂಬ್‌ಲೆಸ್ ಕಡೆ ಹೊರಳಿದ್ದಾರೆ. ಆದರೆ ನನ್ನ ಹತ್ತಿರ ಇದ್ದದ್ದು ಈ ಚಕ್ರ, ಹೊಸದಕ್ಕೆ ರೊಕ್ಕ ಇರಲಿಲ್ಲ.

ಟೈರು ಆರಿಸೋವಾಗ ನಾನು ಮಾಡಿದ್ದು ಎಂಜಿನಿಯರ್ ಮಾಡೋ ಕೆಲಸ. ಎಕ್ಸೆಲ್ ತೆರೆದೆ.

ಟೈರು ಉರುಳುವಾಗ ನೆಲ ಮುಟ್ಟುವ ಜಾಗದಲ್ಲಿ ಚಪ್ಪಟೆಯಾಗಿ ಮತ್ತೆ ಗುಂಡಗಾಗುತ್ತದೆ. ಪ್ರತಿ ಸಲ ರಬ್ಬರು ಸ್ವಲ್ಪ ಶಕ್ತಿ ನುಂಗುತ್ತದೆ. ಬಟ್ಟೆ ತೆಳುವಾದಷ್ಟು, ಮೇಲಿನ ರಬ್ಬರು ತೆಳುವಾದಷ್ಟು, ಒಳಗೆ ಲೇಟೆಕ್ಸ್ ಟ್ಯೂಬಿದ್ದಷ್ಟು ನುಂಗೋದು ಕಡಿಮೆ. ನಾನು, ಬೈಕು, ನೀರು ಎಲ್ಲ ಸೇರಿ 85 ಕಿಲೋ. ಗಂಟೆಗೆ 30 ಕಿ.ಮೀ. ವೇಗದಲ್ಲಿ ಉರುಳುವಿಕೆಯ ಗುಣಾಂಕ 0.005 ಇರೋ ಸಾದಾ ಟೈರು ಸುಮಾರು 35 ವಾಟ್ ತಿನ್ನುತ್ತದೆ. 0.003 ಇರೋ ವೇಗದ ಟೈರು ತಿನ್ನೋದು 21 ವಾಟ್. ಉಳಿದ 14 ವಾಟ್ ಗಾಳಿ ಸೀಳೋಕೆ ಸಿಕ್ಕರೆ 90 ಕಿ.ಮೀ.ಗೆ ಸುಮಾರು ಆರು ನಿಮಿಷ ಲಾಭ. ಆರು ನಿಮಿಷ ಕಾಲಿನಿಂದ ಗಳಿಸಬೇಕಂದ್ರೆ ಎಷ್ಟು ತಿಂಗಳ ಬೆವರು ಬೇಕು ಅಂತ ಸೈಕಲ್ ಹೊಡೆಯೋರಿಗೆ ಗೊತ್ತು. ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿದ್ದ ಟೈರನ್ನೇ ತರಿಸಿದೆ. ಅದರ ಹೆಸರು ಬೇಡ, ತಪ್ಪು ಅದರದ್ದಲ್ಲ.

ಎಕ್ಸೆಲ್‌ನಲ್ಲಿ ಒಂದು ಕಾಲಮ್ ಬಿಟ್ಟಿದ್ದೆ. ಪಂಕ್ಚರ್ ಆದರೆ ನನ್ನ ಕೈಯಿಂದ ಆಗುತ್ತಾ?

ಆ ತೆಂಗಿನ ಮರದ ಕೆಳಗೆ ಉತ್ತರ ಸಿಕ್ಕಿತು. ಟ್ಯೂಬ್ಯುಲರ್ ಪಂಕ್ಚರ್ ಆದ್ರೆ ದಾರಿಯಲ್ಲಿ ಪ್ಯಾಚ್ ಹಾಕೋ ಮಾತೇ ಇಲ್ಲ. ಇಡೀ ಟೈರು ಕಿತ್ತು, ಜೊತೆಗೆ ತಂದ ಇನ್ನೊಂದನ್ನು ಏರಿಸಬೇಕು. ನಾನು ಅಂಟು ಎಷ್ಟು ಚೆನ್ನಾಗಿ ಹಚ್ಚಿದ್ದೆ ಅಂದ್ರೆ, ಟೈರು ಕೀಳೋದ್ರಲ್ಲೇ ಹೆಬ್ಬೆರಳಿನ ಚರ್ಮ ಹೋಯಿತು. ಸ್ಪೇರ್ ಟೈರು ಪ್ಯಾಕಿನಿಂದ ಸೀದಾ ತೆಗೆದದ್ದು. ಹೊಸ ಟ್ಯೂಬ್ಯುಲರನ್ನು ಮೊದಲೇ ಹಳೆ ರಿಮ್ಮಿಗೆ ಹಾಕಿ, ಗಾಳಿ ತುಂಬಿ, ಕೆಲವು ದಿನ ಹಿಗ್ಗಿಸಬೇಕು ಅಂತ ಓದಿದ್ದೆ, ಮಾಡಿರಲಿಲ್ಲ. ಕೊನೆಯ ಒಂದು ಗೇಣು ರಿಮ್ಮಿನ ಮೇಲೆ ಏರಲೇ ಇಲ್ಲ. ದಾರಿಯಲ್ಲಿ ಹೋಗ್ತಿದ್ದವನೊಬ್ಬ ಸ್ಕೂಟರ್ ನಿಲ್ಲಿಸಿ ಕೈ ಹಚ್ಚಲಾ ಅಂದ. ಹೊರಗಿನವರ ಸಹಾಯ ತಗೊಂಡರೆ ರೇಸಿನಿಂದ ಹೊರಗೆ. ಬೇಡ ಅಂದೆ. ನಲವತ್ತು ನಿಮಿಷದ ಮೇಲೆ ನಾನೇ ಕೈ ಚೆಲ್ಲಿದೆ.

ಮುಗಿಸುವ ಗೆರೆಯ ಹತ್ತಿರ ಅಪ್ಪ-ಅವ್ವ ಬಿಸಿಲಲ್ಲಿ ನಿಂತಿದ್ದರು. ಅವ್ವನ ಕೈಯಲ್ಲಿ ಶೇಂಗಾ ಉಂಡಿಯ ಡಬ್ಬಿ. ಬಂದವರನ್ನೆಲ್ಲ ಒಬ್ಬೊಬ್ಬರನ್ನೇ ನೋಡುತ್ತಾ, ನಾನಲ್ಲ ಅಂತ ಗೊತ್ತಾದ ಮೇಲೂ ಚಪ್ಪಾಳೆ ಹೊಡೀತಿದ್ದರು. ನಾನು ಹಿಂದಿನಿಂದ ಹೋಗಿ ಹೆಗಲು ಮುಟ್ಟಿದೆ. ಅವ್ವ ಕೇಳಿದ್ದು ಒಂದೇ ಮಾತು: “ಬಿದ್ದೇನು?” ಇಲ್ಲ ಅಂದೆ. “ಹಂಗಾರ ಆತು ಬಿಡು,” ಅಂದು ಡಬ್ಬಿ ತೆಗೆದರು.

ಅಪ್ಪ ಮಾತಾಡಿದ್ದು ಊರಿಗೆ ಬಂದು ಎರಡು ದಿನದ ಮೇಲೆ. ಅವರ ಹೊಲದ ಸೈಕಲ್ಲಿಗೆ 28 ಇಂಚಿನ ದಪ್ಪ ಟೈರು. ಪಂಕ್ಚರ್ ಆದ್ರೆ ನೀರಿನ ಬುಟ್ಟಿ, ಸೊಲ್ಯೂಷನ್, ಒಂದು ತುಂಡು ಪ್ಯಾಚ್, ಮುಗೀತು. “ಲೇ ತಮ್ಮಾ, ಪಂಚರ್ ಹಾಕಾಕ ಬರಲಾರದ ಟೈರ್ ಯಾಕ ತಗೊಂಡಿ?”

ಸಿಟ್ಟು ಬಂತು. ಆಮೇಲೆ ಓದಿದಾಗ ನಗು ಬಂತು, ಯಾಕಂದ್ರೆ ಇದೇ ಪ್ರಶ್ನೆ 130 ವರ್ಷಕ್ಕೂ ಹಿಂದೆ ಫ್ರಾನ್ಸಿನಲ್ಲಿ ಎದ್ದಿತ್ತು. ಡನ್ಲಪ್ 1888ರಲ್ಲಿ ಗಾಳಿ ತುಂಬಿದ ಟೈರು ಮಾಡಿದ. ಆಗಿನ ಟೈರುಗಳನ್ನು ರಿಮ್ಮಿಗೆ ಅಂಟಿಸುತ್ತಿದ್ದರು, ರಿಪೇರಿಗೆ ಗಂಟೆಗಟ್ಟಲೆ, ಅಂಟು ಒಣಗಲು ಒಂದು ರಾತ್ರಿ. ಅಂಥದೊಂದು ರಿಪೇರಿಯಲ್ಲಿ ಬೆವರಿದ ಮಿಶೆಲಿನ್ ಸೋದರರು ಬಿಚ್ಚಲು ಬರುವ ಟೈರು ಮಾಡಿದರು. 1891ರಲ್ಲಿ ಸುಮಾರು 1,200 ಕಿ.ಮೀ.ಗಳ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ರೇಸನ್ನು ಶಾರ್ಲ್ ತೆರೋಂ ಗೆದ್ದದ್ದು ಅದೇ ಟೈರಿನ ಮೇಲೆ. ನಮ್ಮಪ್ಪ ಮಿಶೆಲಿನ್ ಹೆಸರು ಕೇಳಿದವರಲ್ಲ. ಪ್ರಶ್ನೆ ಮಾತ್ರ ಸರಿಯಾಗೇ ಕೇಳಿದ್ದರು.

ಆ ಟೈರನ್ನು ಎಸೆಯೋಕೆ ಮನಸ್ಸಾಗಲಿಲ್ಲ. ಒಂದಕ್ಕೆ ಏಳು ಸಾವಿರ ಕೊಟ್ಟಿದ್ದೆ. ಒಂದು ಭಾನುವಾರ ಪಡಸಾಲೆಯಲ್ಲಿ ಕೂತು ತಳದ ಪಟ್ಟಿ ನಾಲ್ಕು ಬೆರಳಿನಷ್ಟು ಬಿಚ್ಚಿದೆ. ಒಳಗೆ ಹೊಲಿಗೆ ಕಂಡಿತು. ಪಕ್ಕದಲ್ಲಿ ಕೌದಿ ಹರವಿಕೊಂಡಿದ್ದ ಅವ್ವ ಬಗ್ಗಿ ನೋಡಿದರು. “ಇದಕ್ಕ ಇಷ್ಟ್ಯಾಕ ಅಂಜತಿ? ಹೊಲಿಗಿ ಅಲ್ಲೇನು?”

ಹೊಲಿಗೆಯ ಎರಡೂ ಬದಿ ಮತ್ತೆ ಸರಿಯಾಗಿ ಕೂಡಲಿ ಅಂತ ಪೆನ್ನಿನಿಂದ ಅಡ್ಡಗೆರೆ ಎಳೆದೆ. ದಾರ ಕತ್ತರಿಸಿ ಟ್ಯೂಬು ಹೊರಗೆ ಎಳೆದು, ಲೇಟೆಕ್ಸ್ ತುಂಡಿನ ಪ್ಯಾಚ್ ಹಾಕಿದೆ. ಗಾಜು ಸೀಳಿದ ಕಡೆ ಒಳಗಿನಿಂದ ಗಟ್ಟಿ ಅರಿವೆಯ ತುಂಡು ಅಂಟಿಸಿದೆವು. ಅವ್ವ ಕೌದಿ ಸೂಜಿಗೆ ಮೇಣ ಸವರಿದ ಕೆಂಪು ದಾರ ಪೋಣಿಸಿ, ಹಳೆ ತೂತುಗಳಲ್ಲೇ ಸೂಜಿ ಹಾಯಿಸಿ ಎಳೆದು ಹೊಲಿದರು. ಗಾಳಿ ತುಂಬಿ ರಾತ್ರಿ ಬುಟ್ಟಿ ನೀರಲ್ಲಿ ಮುಳುಗಿಸಿ ನೋಡಿದೆ. ಒಂದು ಗುಳ್ಳೆ ಇಲ್ಲ.

ಈ ವರ್ಷ ಮತ್ತೆ ಗೋವಾ. ಮತ್ತೆ ಎಕ್ಸೆಲ್, ಈ ಸಲ ಆ ಕಾಲಮ್ಮಿನ ಜೊತೆ. ಆರಿಸಿದ್ದು ಕಾಂಟಿನೆಂಟಲ್ ಕಾಂಪಿಟಿಷನ್, 25 ಮಿ.ಮೀ. ರಬ್ಬರಿನ ಕೆಳಗೆ ವೆಕ್ಟ್ರಾನ್ ಅನ್ನೋ ಗಟ್ಟಿ ದಾರದ ಪದರ ಇದೆ, ಒಳಗೆ ಬ್ಯೂಟೈಲ್ ಟ್ಯೂಬು. ನನ್ನ ಲೆಕ್ಕದಲ್ಲಿ ಅತಿ ವೇಗದ ಟೈರಿಗಿಂತ ಎರಡೂವರೆ ನಿಮಿಷ ನಿಧಾನ. ಗಾಳಿಯನ್ನೂ ಹೋದ ಸಲದಂತೆ 120 ಪಿಎಸ್ಐ ಏರಿಸೋದಿಲ್ಲ, 95 ಸಾಕು. ಒರಟು ರಸ್ತೆಯಲ್ಲಿ ಕಲ್ಲಿನಂತೆ ಗಟ್ಟಿಯಾದ ಟೈರು ನಮ್ಮನ್ನೇ ಕುಣಿಸಿ ಶಕ್ತಿ ಹಾಳು ಮಾಡುತ್ತದೆ. ಅಂಟಿಗೂ ಆತುರ ಇಲ್ಲ. ರಿಮ್ಮಿಗೆ ತೆಳುವಾಗಿ ಎರಡು ಸಲ, ಟೈರಿನ ತಳಕ್ಕೆ ಒಂದು ಸಲ, ಪ್ರತಿ ಸಲ ರಾತ್ರಿಯಿಡೀ ಒಣಗಿಸಿ, ಕೊನೆಗೆ ಒಂದು ಕೈ ಹಚ್ಚಿ ಏರಿಸಿ, ಒಂದು ದಿನ ಬಿಟ್ಟೆ.

ದಿನಾ ಸಂಜೆ ಅಂಗಳದಲ್ಲಿ ಹಳೆ ಚಕ್ರವೊಂದರ ಟೈರು ಕೀಳೋದು, ಬೇರೆ ಏರಿಸೋದು. ಅಪ್ಪ ಮೊಬೈಲಿನಲ್ಲಿ ಟೈಮ್ ನೋಡ್ತಾರೆ. ಮೊದಲ ದಿನ 26 ನಿಮಿಷ, ಈಗ 9. ಲೆಕ್ಕ ನೋಡಿದರೆ, 9 ನಿಮಿಷದಲ್ಲಿ ಬದಲಿಸೋದು ಬಂದವನಿಗೆ ಪಂಕ್ಚರ್ ಸಾಧ್ಯತೆ ನಾಲ್ಕರಲ್ಲಿ ಒಂದಕ್ಕಿಂತ ಕಡಿಮೆ ಇದ್ದರೆ ಆ ಅತಿ ವೇಗದ ಟೈರೇ ಲಾಭ. ಬದಲಿಸೋಕೆ ಬಾರದವನಿಗೆ ಒಂದೇ ಪಂಕ್ಚರ್‌ಗೆ ಇಡೀ ರೇಸು ಹೋಗುತ್ತದೆ. ಮುಂದಿನ ವರ್ಷ ಬೇಕಾದರೆ ವೇಗದ್ದು ಹಾಕ್ತೀನಿ. ಈ ವರ್ಷ ಮಾತ್ರ ಮುಗಿಸಬೇಕು.

ಸ್ಪೇರ್ ಯಾವುದು ಅಂತ ಕೇಳ್ತೀರಾ? ಒಮ್ಮೆ ಅಂಟಿಸಿ ತೆಗೆದ ಹಳೆ ಟೈರೇ ಒಳ್ಳೆ ಸ್ಪೇರ್. ಹಿಗ್ಗಿರುತ್ತದೆ, ಸುಲಭವಾಗಿ ಏರುತ್ತದೆ, ತಳದಲ್ಲಿ ಉಳಿದ ಹಳೆ ಅಂಟು ಒಂದಿಷ್ಟು ಹಿಡಿದುಕೊಳ್ಳುತ್ತದೆ. ತಿರುವಿನಲ್ಲಿ ನಿಧಾನ ಹೋಗಬೇಕು, ಅಷ್ಟೇ. ಹಾಗಾಗಿ ಕೆಂಪು ದಾರದ ಆ ಟೈರನ್ನೇ ಮಡಚಿ ಸೀಟಿನ ಕೆಳಗೆ ಕಟ್ಟಿದ್ದೇನೆ.

ಮೊನ್ನೆ ಅವ್ವ ಅದನ್ನ ನೋಡಿ, “ನಾ ಹೊಲಿದದ್ದು ರೋಡಿಗೆ ಇಳಿಯೋದ ಬ್ಯಾಡಪ್ಪಾ,” ಅಂದರು. ಆಮೇಲೆ ಒಳಗೆ ಹೋಗುತ್ತಾ, “ಈ ಸಲ ಬರೂಮುಂದ ಛತ್ರಿ ತರ್ತೀನಿ, ಅಲ್ಲಿ ಭಾಳ ಬಿಸಲ,” ಅಂದರು.