ರೀಪಿನ ಮೊಳೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಹಳೆಯ ಮಾಡನ್ನು ಬಿಚ್ಚಿ ನೋಡು ಎಂದೂ ಸೇರಿಸಿದ್ದರೆ ಗಾದೆ ಪೂರ್ಣವಾಗುತ್ತಿತ್ತು. ಕಂಬ, ತೊಲೆ, ಜಂತಿಗಳ ವಿಷಯದಲ್ಲಿ ಊರೆಲ್ಲ ಸಲಹೆ ಕೊಡುತ್ತದೆ. ಮೊಳೆಯ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ.

ನಮ್ಮ ಸೀಮೆಯಲ್ಲಿ ಸವಣೂರು, ಶಿಗ್ಗಾವಿಗಳ ಬಯಲಿನ ಹಳೆಯ ಮನೆಗಳಿಗೆ ಮಣ್ಣಿನ ಮಾಳಿಗೆ. ಮಲೆನಾಡಿನ ಸೆರಗಿನಲ್ಲಿರುವ ಹಾನಗಲ್ಲಿನ ಕಡೆ ಇಳಿಜಾರಾದ ಹಂಚಿನ ಮಾಡು. ಶಿಶುನಾಳದ ಶರೀಫಸಾಹೇಬರು (1819-1889) ಸೋರುವ ಮಾಳಿಗೆಯಲ್ಲಿ ಅಧ್ಯಾತ್ಮವನ್ನೇ ಕಂಡರು. ಹಂಚಿನ ಮನೆಯವರಾದ ನಮಗೆ ಸೋರುವುದಕ್ಕಿಂತ ಹಾರುವುದರ ಭಯವೇ ಹೆಚ್ಚು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಮಾಡಲಾರಂಭಿಸಿದ ಬಗೆಯ ಹಂಚು ಘಟ್ಟವೇರಿ ಬಂದು ನಮ್ಮ ಮಾಡುಗಳನ್ನೂ ಸೇರಿತು. ಹಂಚಿಗೆ ರೀಪು ಆಧಾರ, ರೀಪಿಗೆ ಮೊಳೆ ಆಧಾರ.

ಹಾನಗಲ್ಲು ತಾಲ್ಲೂಕಿನ ನಮ್ಮ ಹಳೆಯ ಮನೆಯಲ್ಲಿ ಅವ್ವ ಒಬ್ಬಳೇ ಇದ್ದಾಳೆ. ಹೋದ ವರ್ಷ ಮುಂಗಾರಿಗೆ ಮೊದಲಿನ ಗಾಳಿಗೆ ಅವಳು ಮಲಗುವ ಕೋಣೆಯ ಮೂಲೆಯ ರೀಪುಗಳು ಹಂಚುಸಮೇತ ಎದ್ದುಹೋದವು. ಅವಳನ್ನು ಪಟ್ಟಣಕ್ಕೆ ಕರೆತರಬೇಕೆಂದು ತಮ್ಮಂದಿರು ಹಟ ಹಿಡಿದರು. "ಮಾಡು ರಿಪೇರಿ ಆಗತೈತೋ ಇಲ್ಲೋ, ಅಷ್ಟು ಹೇಳ್ರಿ" ಎಂದಳು ಅವ್ವ.

ಕೆಳಗೆ ಬಿದ್ದ ರೀಪುಗಳನ್ನು ಬಡಿಗೇರ ಕಾಕಾ ತಿರುವಿ ನೋಡಿದರು. ಮೊಳೆಗಳು ಮುರಿದಿರಲಿಲ್ಲ, ಬಾಗಿರಲಿಲ್ಲ. ಹಲ್ಲು ಕಿತ್ತಂತೆ ನೆಟ್ಟಗೆ ಬಂದಿದ್ದವು. "ನೋಡ್ರಿ ಮಾಸ್ತರ, ಮಳಿ ಮ್ಯಾಲಿಂದ ಬಡೀತೈತಿ, ಗಾಳಿ ಕೆಳಗಿಂದ ಎತ್ತತೈತಿ. ನುಣ್ಣನ ಮೊಳಿ ಎಳದ್ರ ಬರತೈತಿ" ಎಂದರು.

ಮೊಳೆಯ ಸುತ್ತ ಜಂತಿಯಲ್ಲಿ ಕಪ್ಪು ಉಂಗುರಗಳಿದ್ದವು. ಹಿಂದಿನವರು ಅಳಲೆಕಾಯಿಯ ಕಷಾಯಕ್ಕೆ ಕಬ್ಬಿಣ ಸೇರಿಸಿ ಬರೆಯುವ ಮಸಿ ಮಾಡುತ್ತಿದ್ದುದು ನೆನಪಾಯಿತು. ನಮ್ಮ ಜಂತಿ ಮತ್ತಿಯದು. ಮತ್ತಿಯೂ ಅಳಲೆಯ ಬಳಗದ ಮರವೇ. ಮರದ ಒಗರು, ತೇವ, ಕಬ್ಬಿಣ ಮೂರೂ ಕೂಡಿ ನಮ್ಮ ಮಾಡಿನಲ್ಲಿ ಮಸಿ ತಯಾರಾಗಿತ್ತು. ಕನ್ನಡ ಪಾಠ ಹೇಳುವವನಿಗೆ ಸಂತೋಷವಾಗಬೇಕಾದದ್ದೇ. ಆದರೆ ತುಕ್ಕು ತಿಂದು ಮೊಳೆ ಸಣ್ಣಗಾಗಿತ್ತು.

ಅಂಗಡಿಯಲ್ಲಿ ಮೂರು ಬಗೆ ಸಿಕ್ಕವು: ಬರಿಯ ಕಬ್ಬಿಣದ ನುಣ್ಣನೆಯ ಮೊಳೆ, ಸತುವಿನ ಲೇಪವುಳ್ಳ, ಮೈತುಂಬ ಉಂಗುರದಂಥ ಗೆರೆಗಳಿರುವ ಮೊಳೆ, ಸತುವಿನದೇ ಲೇಪದ ಸ್ಕ್ರೂ. ಮೊದಲನೆಯದು ಅಗ್ಗ. ಎರಡನೆಯದರ ಗೆರೆಗಳು ಮರದ ನಾರನ್ನು ಕಚ್ಚುತ್ತವೆ. ಮೂರನೆಯದು ಎಲ್ಲಕ್ಕಿಂತ ಬಿಗಿ. ಆದರೆ ಬೆಲೆ ಹೆಚ್ಚು, ಒಂದೊಂದಕ್ಕೂ ಮೊದಲು ತೂತು ಕೊರೆಯಬೇಕು.

ಗಾಳಿಯ ಎಳೆತ ಮಾಡಿನ ಅಂಚು, ಮೂಲೆ, ನೆತ್ತಿಗಳಲ್ಲಿ ಹೆಚ್ಚು. ಅಲ್ಲಿಗೆ ಸ್ಕ್ರೂ, ನಡುವೆ ಗೆರೆಮೊಳೆ ಎಂದು ಗೊತ್ತಾಯಿತು. ಉದ್ದ, ರೀಪಿನ ದಪ್ಪದ ಎರಡೂವರೆ ಪಟ್ಟು: ಒಂದಿಂಚಿನ ರೀಪಿಗೆ ಎರಡೂವರೆ ಇಂಚು. ಒಂದಿಂಚು ರೀಪಿನ ಪಾಲು, ಉಳಿದದ್ದು ಜಂತಿಯ ಪಾಲು. ಹಿಡಿತವೆಲ್ಲ ಆ ಉಳಿದದ್ದರಲ್ಲಿ. ರೀಪಿನ ತುದಿಗಳು ಸೀಳದಂತೆ ಕಾಕಾ ಅಲ್ಲಿ ಮೊಳೆಗೂ ಸಣ್ಣ ತೂತು ಕೊರೆದರು. ಹಂಚು ಹೊದಿಸಿದ ಮೇಲೆ ಇದೊಂದೂ ಕಾಣಲಿಲ್ಲ. ಬಂದ ನೆಂಟರು ಹೊಸ ಹಂಚಿನ ಬಣ್ಣವನ್ನು ಹೊಗಳಿ ಹೋದರು.

ಈ ವರ್ಷದ ಗಾಳಿಗೆ ಮಾಡು ಕದಲಲಿಲ್ಲ. ತಮ್ಮಂದಿರು ಪಟ್ಟಣದ ಮಾತು ತೆಗೆಯುತ್ತಿಲ್ಲ. "ತಾರಕೇಶ್ವರ ಕಾಯ್ದ" ಎನ್ನುತ್ತಾಳೆ ಅವ್ವ. ನಾನು ಎದುರಾಡುವುದಿಲ್ಲ. ಆದರೆ ಹಾನಗಲ್ಲಿನ ಆ ದೇವರದು ಕಲ್ಲಿನ ಗುಡಿ; ಅವನಿಗೆ ರೀಪಿನ ಚಿಂತೆಯಿಲ್ಲ. ಮರದ ಮಾಡಿನ ಕೆಳಗೆ ತಾಯಿಯನ್ನು ಮಲಗಿಸಿದವರು ಮೊಳೆಯನ್ನು ತಾವೇ ಆರಿಸಿಕೊಳ್ಳಬೇಕು.