ಸೀಸದ ಎರಡಕ್ಷರ

1988ರಲ್ಲಿ ಎಕ್ಸ್‌ರೇ ವಿಭಾಗಕ್ಕೆ ಸೇರಿದ ದಿನ ನನ್ನ ಕೈಗೆ ಬಂದದ್ದು ಸೀಸದ ಎರಡಕ್ಷರ: ‘ಆರ್’ ಮತ್ತು ‘ಎಲ್’. ಕ್ಯಾಸೆಟ್ಟಿನ ಮೂಲೆಗೆ ಅಂಟಿಸಿದರೆ ಫಿಲ್ಮಿನಲ್ಲಿ ಬೆಳ್ಳಗೆ ಮೂಡುತ್ತಿದ್ದವು. “ಫಿಲ್ಮನ್ನ ತಿರುಗಿಸಿ ಹಾಕಿದ್ರೂ ಚಿತ್ರ ಕಾಣತ್ತೆ ಕಣಯ್ಯ. ಎಡ ಯಾವುದು, ಬಲ ಯಾವುದು ಅಂತ ಹೇಳೋದು ಈ ಅಕ್ಷರ ಮಾತ್ರ” ಎಂದಿದ್ದರು ಕೆಲಸ ಕಲಿಸಿದ ಹಿರಿಯರು.

ಕೆಂಪು ದೀಪದ ಡಾರ್ಕ್‌ರೂಮು, ಡೆವಲಪರ್, ಫಿಕ್ಸರ್. ಮನೆಗೆ ಹೋದರೂ ಬೆರಳಿನ ವಾಸನೆ ಹೋಗುತ್ತಿರಲಿಲ್ಲ.

ಕೆಲವು ವರ್ಷಗಳ ಮೇಲೆ ಸಿಟಿ ಸ್ಕ್ಯಾನ್ ಬಂತು. ಹೌನ್ಸ್‌ಫೀಲ್ಡ್ ಕಂಡುಹಿಡಿದ ಆ ಯಂತ್ರ ಲಂಡನ್ನಿನಲ್ಲಿ ಮೊದಲ ರೋಗಿಯ ಮೆದುಳನ್ನು ಸ್ಕ್ಯಾನ್ ಮಾಡಿದ್ದು 1971ರಲ್ಲಿ. ನಮ್ಮ ಪಾಲಿಗೆ ಅದು ಆಗತಾನೇ ಹುಟ್ಟಿದ ಯಂತ್ರ. ಆದರೆ ಚಿತ್ರದಲ್ಲಿ ಕಂಡ ಗಡ್ಡೆಯನ್ನು ತಲೆಯ ಮೇಲೆ ಗುರುತಿಸುವುದು ಮನುಷ್ಯರ ಕೆಲಸವಾಗಿಯೇ ಉಳಿಯಿತು. ನಮ್ಮ ನ್ಯೂರೋಸರ್ಜನ್ ಫಿಲ್ಮನ್ನು ವ್ಯೂಬಾಕ್ಸಿಗೆ ಸಿಕ್ಕಿಸಿ, ಕಿವಿಯ ಮಟ್ಟದಿಂದ ಮೇಲಕ್ಕೆ ಒಂದೊಂದೇ ಸ್ಲೈಸ್ ಎಣಿಸುತ್ತಿದ್ದರು. ಸ್ಲೈಸಿಗೆ 10 ಮಿಲಿಮೀಟರ್. ಐದನೆಯದರಲ್ಲಿ ಗಡ್ಡೆಯಿದ್ದರೆ ಐದು ಸೆಂಟಿಮೀಟರ್. ಆಮೇಲೆ ಬೋಳಿಸಿದ ತಲೆಯ ಮೇಲೆ ಸ್ಕೇಲು ಹಿಡಿದು ಪೆನ್ನಿನಿಂದ ಗೀಟು. ತಪ್ಪಾದೀತೆಂದು ತಲೆಬುರುಡೆಯನ್ನು ಬೇಕಾದ್ದಕ್ಕಿಂತ ಅಗಲವಾಗಿಯೇ ತೆರೆಯುತ್ತಿದ್ದರು. ಆ ಗೀಟೆಳೆಯುವಾಗ ಅವರು ಉಸಿರು ಬಿಗಿಹಿಡಿಯುತ್ತಿದ್ದುದನ್ನು ಹತ್ತಿರದಿಂದ ನೋಡಿದ್ದೇನೆ.

ನ್ಯಾವಿಗೇಶನ್ ಯಂತ್ರ ಬಂದಮೇಲೆ ನನ್ನನ್ನೂ ಆಪರೇಶನ್ ಥಿಯೇಟರಿಗೆ, ಅಂದರೆ ಓಟಿಗೆ, ಕರೆದರು. ತಲೆಗೆ ಗುಂಡಿಯಂಥ ಗುರುತುಗಳನ್ನು ಅಂಟಿಸಿ ಸ್ಕ್ಯಾನ್ ಮಾಡುತ್ತಿದ್ದೆವು. ಟೇಬಲ್ಲಿನ ಮೇಲೆ ತಲೆಯನ್ನು ಮೂರು ಮೊಳೆಯ ಕ್ಲ್ಯಾಂಪಿನಲ್ಲಿ ಬಿಗಿದು, ಅದೇ ಗುರುತುಗಳನ್ನು ಕಡ್ಡಿಯಂಥ ಪ್ರೋಬಿನಿಂದ ಮುಟ್ಟಬೇಕು. ಕಡ್ಡಿಗೆ ಅಂಟಿದ ಬಿಳಿ ಗೋಲಿಗಳನ್ನು ಇನ್‌ಫ್ರಾರೆಡ್ ಕ್ಯಾಮೆರಾ ನೋಡುತ್ತದೆ. ಕಂಪ್ಯೂಟರ್ ಲೆಕ್ಕ ಹಾಕಿ ಚಿತ್ರದ ತಲೆಯನ್ನೂ ಮಲಗಿದವರ ತಲೆಯನ್ನೂ ಒಂದಾಗಿಸುತ್ತದೆ. ಕಡ್ಡಿ ಎಲ್ಲಿ ಮುಟ್ಟಿದರೆ ಪರದೆಯ ಮೇಲೆ ಅಲ್ಲೇ ಚುಕ್ಕೆ! ಮೊದಲ ಸಲ ನೋಡಿದಾಗ ಮೈ ಜುಮ್ಮೆಂದಿತ್ತು.

ಒಂದು ದಿನ ಯಾರದೋ ಮೊಣಕೈ ಕ್ಲ್ಯಾಂಪಿಗೆ ಕಟ್ಟಿದ್ದ, ಕ್ಯಾಮೆರಾಗೆ ತಲೆಯ ಜಾಗ ತೋರಿಸುವ ರೆಫರೆನ್ಸ್ ಚೌಕಟ್ಟಿಗೆ ತಗುಲಿತು. ಯಾರಿಗೂ ಗೊತ್ತಾಗಲಿಲ್ಲ. ಡಾಕ್ಟರು ರೂಢಿಯಂತೆ ಕಡ್ಡಿಯ ತುದಿಯನ್ನು ಮೂಳೆಯ ಅಂಚಿಗೆ ಇಟ್ಟರು. ಪರದೆಯಲ್ಲಿ ಅದು ಅರ್ಧ ಸೆಂಟಿಮೀಟರ್ ಒಳಗೆ, ಮೆದುಳಿನಲ್ಲಿತ್ತು. “ನಿಲ್ಲಿಸಿ” ಎಂದರು. ಮೂಳೆಯ ಮೇಲೆ ಮೊದಲೇ ಮಾಡಿಟ್ಟಿದ್ದ ಗುರುತುಗಳಿಂದ ಮತ್ತೆ ಹೊಂದಿಸಿದೆವು. ಅವರು ಮೂಳೆ ಮುಟ್ಟಿ ನೋಡದೇ ಹೋಗಿದ್ದರೆ? ಇಂದಿಗೂ ಎದೆ ನಡುಗುತ್ತದೆ.

ಯಂತ್ರ ಸರಿಯಿದ್ದರೂ ಮೆದುಳು ನಿಂತಲ್ಲಿ ನಿಲ್ಲುವುದಿಲ್ಲ. ಬುರುಡೆ ತೆರೆದು ಮೆದುಳಿನ ಸುತ್ತಲಿನ ನೀರು ಹರಿದರೆ ಅದು ಕುಸಿಯುತ್ತದೆ, ಕೆಲವೊಮ್ಮೆ ಒಂದು ಸೆಂಟಿಮೀಟರಿನಷ್ಟು. ಬೆಳಗಿನ ಸ್ಕ್ಯಾನು ಆಗ ಹಳೇ ನಕ್ಷೆ. ಅದಕ್ಕೇ ಬಾಸ್ಟನ್ನಿನ ಬ್ರಿಗ್‌ಹ್ಯಾಮ್ ಆಸ್ಪತ್ರೆಯವರು 1990ರ ದಶಕದಲ್ಲಿ ಎಂಆರ್‌ಐ ಯಂತ್ರವನ್ನೇ ಓಟಿಯೊಳಗೆ ತಂದಿದ್ದರು. ನಮ್ಮಲ್ಲಿ ಅಲ್ಟ್ರಾಸೌಂಡ್ ಇಟ್ಟು ನೋಡುತ್ತಿದ್ದೆವು.

ಈಗ ಗಡ್ಡೆಯ ಅಂಚನ್ನು ಸಾಫ್ಟ್‌ವೇರೇ ಬಣ್ಣ ಹಚ್ಚಿ ತೋರಿಸುತ್ತದೆ. ನಿವೃತ್ತಿಯಾಗುವ ಮುಂಚೆ ಒಬ್ಬ ಹುಡುಗಿಗೆ ಈ ಕೆಲಸ ಕಲಿಸಿದೆ. ಅವಳ ಬೆರಳು ಕೀಲಿಮಣೆಯ ಮೇಲೆ ನನಗಿಂತ ಚುರುಕು. ಮೊದಲ ಕೇಸಿನಲ್ಲಿ ಎಲ್ಲ ಗುರುತು ಮುಟ್ಟಿಯಾದ ಮೇಲೆ ಪರದೆ ಹಸಿರಾಯಿತು. “ಆಯ್ತು ಸಾರ್” ಎಂದಳು.

“ಇರಮ್ಮ, ಬಲಗಿವಿ ಮುಟ್ಟು” ಎಂದೆ.

ಮುಟ್ಟಿದಳು. ಇಬ್ಬರೂ ಪರದೆ ನೋಡಿದೆವು. ಚುಕ್ಕೆ ಬಲಗಿವಿಯ ಮೇಲೇ ಇತ್ತು.